ಬೆರಳು ಸವೆದವರ ಅಕ್ಕಿ: ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಕೂಲಿ ಕೆಲಸದಿಂದ ಬೆರಳಚ್ಚು ಸವೆದವರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಸಿಗದಿರುವ ಬಗ್ಗೆ

ಮಾನ್ಯರೇ,

ಮಲೆನಾಡಿನ ಒಂದು ಹೋಬಳಿ ಊರಿನಲ್ಲಿ ಜೆರಾಕ್ಸ್ ತೆಗೆದುಕೊಡುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡವನು ನಾನು. ನನ್ನ ಅಂಗಡಿಗೂ ನ್ಯಾಯಬೆಲೆ ಅಂಗಡಿಗೂ ನಡುವೆ ಒಂದೇ ಗೋಡೆ. ತಿಂಗಳ ಅಕ್ಕಿ ಬಂತೆಂದರೆ ಅಲ್ಲಿನ ಸಾಲು ನನ್ನ ಮೆಟ್ಟಿಲವರೆಗೂ ಬಂದು ನಿಲ್ಲುತ್ತದೆ. ಯಾರ ಥಂಬನ್ನು, ಅಂದರೆ ಹೆಬ್ಬೆರಳಿನ ಅಚ್ಚನ್ನು, ಅಲ್ಲಿನ ಯಂತ್ರ ತಗೊಳ್ಳುವುದಿಲ್ಲವೋ ಅವರು ಅಲ್ಲಿಂದ ಸೀದಾ ನನ್ನ ಬಳಿಗೆ ಬರುತ್ತಾರೆ. ಕಂಪ್ಯೂಟರ್ ಇಟ್ಟುಕೊಂಡವನಿಗೆ ಏನಾದರೂ ದಾರಿ ಗೊತ್ತಿದ್ದೀತು ಎಂಬ ನಂಬಿಕೆ ಅವರದು. ನನ್ನ ಕೈಯಲ್ಲಿ ಆಗುವುದು ಹೆಚ್ಚೇನಿಲ್ಲ. ಹಾಗಾಗಿ ತಮಗೆ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ.

ದೂರು ಇಷ್ಟು. ಯಾರ ಕೈ ದುಡಿದು ಸವೆದಿದೆಯೋ ಅವರ ಬೆರಳನ್ನೇ ತಮ್ಮ ಇಲಾಖೆಯ ಯಂತ್ರ ಗುರುತಿಸುವುದಿಲ್ಲ. ಗುರುತಿಸದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ನಿಯಮ ಇದೆ. ಆ ನಿಯಮ ಬೆಂಗಳೂರಿನಿಂದ ಹೊರಟದ್ದು ನಮ್ಮ ಅಂಗಡಿಯ ಕಟ್ಟೆಯವರೆಗೆ ಇನ್ನೂ ಬಂದು ಮುಟ್ಟಿಲ್ಲ.

ನಮ್ಮ ಕಡೆ ಅಡಿಕೆ ಸುಗ್ಗಿ ಹೇಗೆಂದು ತಮಗೆ ಗೊತ್ತಿರಬಹುದು. ನವರಾತ್ರಿಯ ಆಸುಪಾಸಿಗೆ ಹಸಿ ಅಡಿಕೆ ಕೊಯ್ಲು ಜೋರಾಗುತ್ತದೆ. ಅಡಿಕೆ ಗೊನೆ ಇಳಿಸಿದ ಮೇಲೆ ಕೆಂಪಡಿಕೆ ಮಾಡುವವರು ಕಾಯುವ ಹಾಗಿಲ್ಲ. ಹಸಿರಿರುವಾಗಲೇ ಸುಲಿಯಬೇಕು, ಬೇಯಿಸಬೇಕು, ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಕೊಟ್ಟು ಒಣಗಿಸಬೇಕು. ಹಾಗಾಗಿ ಸುಲಿಯುವ ಕೆಲಸ ಹಗಲಿಗೆ ಮುಗಿಯದೆ ರಾತ್ರಿಗೂ ಹಬ್ಬುತ್ತದೆ. ಅಂಗಳದಲ್ಲಿ ದೀಪ ಹಾಕಿಕೊಂಡು, ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಾರೆ. ಹೆಚ್ಚಿನವರು ಹೆಂಗಸರು. ಸುಲಿದಷ್ಟಕ್ಕೆ ಕೂಲಿ, ಆದ್ದರಿಂದ ಕೈ ನಿಲ್ಲುವುದಿಲ್ಲ. ಅದು ಮುಗಿಯುತ್ತಿದ್ದ ಹಾಗೆ ಚಾಲಿ, ಅಂದರೆ ಒಣಗಿಸಿದ ಹಣ್ಣಡಿಕೆ, ಸುಲಿಯುವುದು ಶುರು. ಹಣ್ಣಡಿಕೆ ಒಂದೂವರೆ ತಿಂಗಳು ಬಿಸಿಲಿನಲ್ಲಿ ಒಣಗಿ ಗಟ್ಟಿಯಾದ ಮೇಲೆ ಅದರ ಸಿಪ್ಪೆ ತೆಗೆಯುವುದೆಂದರೆ ಹಸಿ ಅಡಿಕೆಗಿಂತ ಒರಟು ಕೆಲಸ. ಒಟ್ಟಿನಲ್ಲಿ ನವರಾತ್ರಿಗೆ ಹಿಡಿದ ಕತ್ತಿಯನ್ನು ಹಲವರು ಬಿಡುವುದು ಬೇಸಿಗೆ ಬಂದ ಮೇಲೆ. ಸುಲಿಯುವ ಯಂತ್ರ ಬಂದಿದೆ, ಇಲ್ಲವೆನ್ನುವುದಿಲ್ಲ. ದೊಡ್ಡ ತೋಟದವರು ತಂದಿದ್ದಾರೆ. ಸಣ್ಣ ಹಿಡುವಳಿಯಲ್ಲಿ ಇಂದಿಗೂ ಮೆಟ್ಟುಗತ್ತಿಯೇ.

ಆ ಕೈಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಏಕೆಂದರೆ ನನ್ನಲ್ಲೂ ಒಂದು ಬೆರಳಚ್ಚಿನ ಯಂತ್ರ ಇದೆ. ಬ್ಯಾಂಕಿನಿಂದ ದುಡ್ಡು ತೆಗೆಸಿಕೊಳ್ಳಲು, ಅರ್ಜಿಗೆ ದೃಢೀಕರಣ ಕೊಡಲು ಜನ ನನ್ನ ಮುಂದೆಯೂ ಬೆರಳಿಡುತ್ತಾರೆ. ಹಸಿ ಅಡಿಕೆಯ ಕರೆ ಹತ್ತಿದ ಹೆಬ್ಬೆರಳು ತುದಿಯಿಂದ ಮೊದಲ ಗೆಣ್ಣಿನವರೆಗೆ ಕಪ್ಪಾಗಿರುತ್ತದೆ. ಸೋಪಿಗೆ ಅದು ಜಗ್ಗುವುದಿಲ್ಲ. ಉಗುರಿನ ಸುತ್ತ ಬಿರುಕು, ಬಿರುಕಿನೊಳಗೆ ಇನ್ನಷ್ಟು ಕಪ್ಪು. ತೋರುಬೆರಳಿನ ಒಳಮೈಯಲ್ಲಿ ಕತ್ತಿ ತಾಗಿದ ಹಳೇ ಗಾಯಗಳು ಒಂದರ ಮೇಲೊಂದು ಅಡ್ಡಗೆರೆ ಎಳೆದಿರುತ್ತವೆ. ಕೆಲವರು ಹೆಬ್ಬೆರಳಿಗೆ ಬಟ್ಟೆಯನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಸುತ್ತಿಕೊಳ್ಳುತ್ತಾರೆ. ಅದನ್ನು ಬಿಚ್ಚಿದಾಗ ಒಳಗಿನ ಚರ್ಮ ಬೆಳ್ಳಗೆ ಸುಕ್ಕಾಗಿ, ಮುಟ್ಟಿದರೆ ಸಿಪ್ಪೆ ಏಳುವ ಹಾಗಿರುತ್ತದೆ.

ಇಂಥ ಬೆರಳು ಗಾಜಿನ ಮೇಲೆ ಬಂದು ಕೂತಾಗ ಕೆಂಪು ದೀಪ ಮಿನುಗುತ್ತದೆ, ಅಷ್ಟೇ. ‘ಒರೆಸಿ ಇಡಿ ಅಕ್ಕಾ’ ಎಂದರೆ ಸೆರಗಿಗೆ ಒರೆಸಿ ಇಡುತ್ತಾರೆ. ‘ಸ್ವಲ್ಪ ಒತ್ತಿ’ ಎಂದರೆ ಒತ್ತುತ್ತಾರೆ. ‘ಇನ್ನೆಷ್ಟು ಒತ್ತದು ತಮ್ಮಾ, ಬೆರಳು ಮುರಿದೇ ಹೋಗ್ತದೆ’ ಎಂದು ಒಬ್ಬರು ನಕ್ಕರು. ಅವರು ನಕ್ಕರೆಂದು ಹಿಂದಿದ್ದವರೂ ನಕ್ಕರು. ಪಕ್ಕದ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಅವರ ಸರದಿ ದಾಟಿ ಹೋಗಿತ್ತು.

ಥಂಬು ಬರಿಸುವುದಕ್ಕೆ ಜನ ಪಡುವ ಪಾಡಿನದೇ ಒಂದು ವೈದ್ಯಶಾಸ್ತ್ರ ಬೆಳೆದಿದೆ. ಹುಣಸೆಹಣ್ಣು ತಿಕ್ಕುತ್ತಾರೆ, ನಿಂಬೆಹೋಳು ಉಜ್ಜುತ್ತಾರೆ, ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತಾರೆ. ಬ್ಲೀಚಿಂಗ್ ಪುಡಿಯ ನೀರಲ್ಲಿ ಕೈ ಅದ್ದಿಕೊಂಡು ಬಂದವರನ್ನೂ ಕಂಡಿದ್ದೇನೆ. ಕರೆ ತುಸು ತೆಳುವಾಗಿತ್ತು. ಬೆರಳ ತುದಿ ಕೆಂಪಗೆ ಉರಿಯುತ್ತಿತ್ತು. ಯಂತ್ರ ಆಗಲೂ ಒಪ್ಪಲಿಲ್ಲ. ‘ಗ್ಲೌಸ್ ಹಾಕಿಕೊಂಡು ಸುಲಿಯಲಿ’ ಎಂದು ಒಮ್ಮೆ ಯಾರೋ ಸಾಹೇಬರು ಹೇಳಿ ಹೋದರು. ದಪ್ಪ ಗ್ಲೌಸ್ ಹಾಕಿದರೆ ಅಡಿಕೆ ಕೈಯಲ್ಲಿ ತಿರುಗುವುದಿಲ್ಲ. ತೆಳ್ಳನೆಯದು ಅರ್ಧ ಗಂಟೆಗೆ ಹರಿಯುತ್ತದೆ. ಸುಲಿಯಲು ಕೂತು ನೋಡಿದವರು ಆ ಮಾತು ಹೇಳುವುದಿಲ್ಲ.

ಇದರಲ್ಲಿ ವಿಚಿತ್ರವೆಂದರೆ, ಅದೇ ಬೆರಳು ಬೇಸಿಗೆಯಲ್ಲಿ ಒಂದು ತಿಂಗಳು ಕತ್ತಿ ಬಿಟ್ಟು ಬಂದರೆ ಯಂತ್ರ ಒಂದೇ ಸಲಕ್ಕೆ ತಗೊಳ್ಳುತ್ತದೆ. ಇದಕ್ಕೆ ಕಾರಣ ಇದೆ. ಬೆರಳಿನ ಗೆರೆಗಳು ನಾವು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿ ಮುಗಿದಿರುತ್ತವೆ, ಅವುಗಳ ಅಚ್ಚು ಇರುವುದು ಚರ್ಮದ ಒಳಪದರದಲ್ಲಿ. ಮೇಲಿನ ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಉಜ್ಜಿ ಸವೆದರೂ ಒಳಗೆ ಆಳವಾದ ಗಾಯವಾಗದಿದ್ದರೆ ಅದೇ ಗೆರೆ ಮತ್ತೆ ಎದ್ದು ಬರುತ್ತದೆ. ಯಂತ್ರ ಹುಡುಕುವುದು ಈ ಗೆರೆಗಳು ಎಲ್ಲಿ ನಿಂತವು, ಎಲ್ಲಿ ಕವಲಾದವು ಎಂಬ ಗುರುತುಗಳನ್ನು. ಸವೆದ ಬೆರಳಲ್ಲಿ ಆ ಗುರುತುಗಳು ಅಳಿಸಿರುತ್ತವೆ. ಕತ್ತಿಯ ಗಾಯವಿದ್ದರೆ ಇಲ್ಲದ ಗುರುತುಗಳು ಹುಟ್ಟಿಕೊಂಡಿರುತ್ತವೆ. ಅಂದರೆ ಕೈಗೆ ನಾಲ್ಕು ವಾರ ರಜೆ ಸಿಕ್ಕರೆ ಅಕ್ಕಿ ಸಿಗುತ್ತದೆ. ಸುಗ್ಗಿಯಲ್ಲಿ ನಾಲ್ಕು ವಾರ ರಜೆ ಹಾಕಿದರೆ ಅಕ್ಕಿ ಬೇಯಿಸಲು ಬೇಕಾದ ಉಳಿದದ್ದು ಯಾವುದೂ ಮನೆಗೆ ಬರುವುದಿಲ್ಲ.

‘ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ’ ಎನ್ನುವುದು ಎಲ್ಲರೂ ಕೊಡುವ ಸಲಹೆ. ನಾನೂ ಚೀಟಿ ಬರೆದು ಕಳಿಸುತ್ತೇನೆ. ಬಸ್ಸಿನ ಖರ್ಚು, ನೂರು ರೂಪಾಯಿ ಮೀರಿದ ಶುಲ್ಕ, ಒಂದು ದಿನದ ಕೂಲಿ ಎಲ್ಲ ಹೋಗುತ್ತದೆ. ಅಲ್ಲಿಯೂ ಇಡಬೇಕಾದ್ದು ಇದೇ ಬೆರಳನ್ನು. ಸುಗ್ಗಿಯಲ್ಲಿ ಕೊಟ್ಟ ಸವೆದ ಅಚ್ಚು ಒಂದು ವೇಳೆ ದಾಖಲಾಯಿತು ಎನ್ನಿ, ಮಳೆಗಾಲಕ್ಕೆ ಗೆರೆ ಮರಳಿದಾಗ ಅದಕ್ಕೂ ಇದಕ್ಕೂ ತಾಳೆಯಾಗುವುದು ಕಷ್ಟ.

ಇದು ಅಡಿಕೆಯವರ ಪಾಡು ಮಾತ್ರವಲ್ಲ ಎಂದು ತಮಗೆ ಹೇಳಬೇಕಾಗಿಲ್ಲ. ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಬೆರಳನ್ನು ಸಿಪ್ಪೆಯ ಎಣ್ಣೆ ಸುಡುತ್ತದೆ. ಅದಕ್ಕೆಂದೇ ಅವರು ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಹಚ್ಚಿಕೊಂಡು ಕೂರುವುದು. ಶಿಡ್ಲಘಟ್ಟ, ರಾಮನಗರದ ರೇಷ್ಮೆ ಬಿಚ್ಚಾಣಿಕೆಯವರ ಬೆರಳುಗಳು ಗೂಡು ಬೇಯುವ ಬಿಸಿನೀರಲ್ಲೇ ಹೊತ್ತು ಕಳೆಯುತ್ತವೆ. ಶಹಾಬಾದ್, ಚಿತ್ತಾಪುರದ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಒಡೆಯುವವರಿದ್ದಾರೆ, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿದ್ದಾರೆ, ಪ್ರತಿ ಊರಿನಲ್ಲೂ ಪಾತ್ರೆ ತಿಕ್ಕುವವರಿದ್ದಾರೆ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಬಂದು ಗಾರೆ ಕಲಸುವವರ ಕೈಯನ್ನು ಸಿಮೆಂಟಿನ ಸುಣ್ಣ ತಿನ್ನುತ್ತದೆ. ಊರು ಬಿಟ್ಟು ಬಂದ ಇವರಿಗೆ ಯಾವ ಅಂಗಡಿಯಲ್ಲಾದರೂ ಪಡಿತರ ಪಡೆಯಬಹುದೆಂಬ ಸವಲತ್ತು ಇದೆ; ಆ ಸವಲತ್ತು ನಡೆಯುವುದೇ ಬೆರಳಚ್ಚಿನ ಮೇಲೆ.

ಲೆಕ್ಕ ಬೇಕೆನ್ನುವವರಿಗೆ ಸರ್ಕಾರದ್ದೇ ಲೆಕ್ಕ ಇದೆ. 2016-17ರ ಕೇಂದ್ರದ ಆರ್ಥಿಕ ಸಮೀಕ್ಷೆಯು ಬೆರಳಚ್ಚು ವಿಫಲವಾಗುವ ಪ್ರಮಾಣದ ಅಂದಾಜು ಕೊಟ್ಟಿತ್ತು: ಜಾರ್ಖಂಡದಲ್ಲಿ ಶೇ 49, ರಾಜಸ್ಥಾನದಲ್ಲಿ ಶೇ 37, ಗುಜರಾತಿನಲ್ಲಿ ಶೇ 6. 2018ರ ಮಾರ್ಚ್‌ನಲ್ಲಿ ಆಧಾರ್ ಪ್ರಾಧಿಕಾರದ ಅಂದಿನ ಮುಖ್ಯಾಧಿಕಾರಿ ಸುಪ್ರೀಂ ಕೋರ್ಟಿನ ಮುಂದಿಟ್ಟ ಅಂಕಿಗಳ ಪ್ರಕಾರ ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುತ್ತಿದ್ದದ್ದು ಶೇ 88, ಬ್ಯಾಂಕುಗಳಲ್ಲಿ ಶೇ 95, ಮೊಬೈಲ್ ಕಂಪನಿಗಳಲ್ಲಿ ಶೇ 97. ಸಿಮ್ ಕೊಳ್ಳುವವನ ಬೆರಳಿಗೂ ಅಕ್ಕಿ ಕೇಳುವವನ ಬೆರಳಿಗೂ ಇಷ್ಟು ಅಂತರ ಯಾಕೆ ಬಂತು? ನೆಟ್‌ವರ್ಕ್, ಯಂತ್ರದ ಗುಣಮಟ್ಟ ಎಂದು ನೂರು ಕಾರಣ ಹೇಳಬಹುದು. ನನ್ನ ಮೇಜಿನ ಮುಂದೆ ಕೂತವರನ್ನು ನೋಡಿದ ಮೇಲೆ ನನಗೆ ದೊಡ್ಡ ಕಾರಣ ಕೈಯೇ ಎನ್ನಿಸಿದೆ. ಈ ಅಂಕಿಗಳು ಹಳೆಯವು, ಯಂತ್ರಗಳು ಸುಧಾರಿಸಿವೆ ಎಂದು ತಮ್ಮ ಅಧಿಕಾರಿಗಳು ಹೇಳಿಯಾರು. ಸುಧಾರಿಸಿದ್ದರೆ ಸಂತೋಷ. ಅಂಗಡಿವಾರು ಇಂದಿನ ಲೆಕ್ಕವನ್ನು ಹೊರಗೆ ಹಾಕಲಿ, ನೋಡೋಣ.

ಕಾನೂನಿನ ಮಾತಿಗೆ ಬರುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯ ಹಕ್ಕು. ಅದರ ಮೇಲೆ ಅದೇ ವರ್ಷದಿಂದ ನಮ್ಮ ರಾಜ್ಯದ ಅನ್ನಭಾಗ್ಯ ಇದೆ. ಕಾಯ್ದೆಯ 8ನೇ ಕಲಮಿನಲ್ಲಿ, ಧಾನ್ಯ ಕೊಡಲಾಗದಿದ್ದರೆ ಭತ್ಯೆ ಕೊಡಬೇಕು ಎಂದೂ ಇದೆ. ಬೆರಳಚ್ಚು ಸೋತರೆ ಏನು ಮಾಡಬೇಕೆಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರಂದು ಸುತ್ತೋಲೆ ಹೊರಡಿಸಿದೆ. ಮನೆಯ ಬೇರೆ ಸದಸ್ಯರ ಬೆರಳು ನೋಡಿ, ಕಣ್ಣಿನ ಪಾಪೆ ನೋಡಿ, ಮೊಬೈಲಿಗೆ ಓಟಿಪಿ ಕಳಿಸಿ. ಯಾವುದೂ ಆಗದಿದ್ದರೆ ಕಾರ್ಡು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಧಾನ್ಯ ಕೊಡಿ, ಬರಿಗೈಯಲ್ಲಿ ಕಳಿಸಬೇಡಿ ಎನ್ನುವುದು ಅದರ ಸಾರ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಧಾರ್ ಅನ್ನು ಎತ್ತಿಹಿಡಿದದ್ದು ಕೂಡ, ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸವಲತ್ತು ತಪ್ಪಿಸುವುದಿಲ್ಲ ಎಂಬ ಸರ್ಕಾರದ ಭರವಸೆಯನ್ನು ದಾಖಲಿಸಿಕೊಂಡೇ. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕರ್ನಾಟಕಕ್ಕೆ ಈ ತೀರ್ಪು ದೂರದ್ದೇನಲ್ಲ.

ಹಾಗಾದರೆ ಅಂಗಡಿಯಲ್ಲಿ ಏನಾಗುತ್ತಿದೆ? ‘ಸಂಜೆ ಬಾ’, ‘ನಾಳೆ ಬಾ’, ‘ಮಗನನ್ನು ಕರ್ಕೊಂಡು ಬಾ’. ಮಗ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುತ್ತಾನೆ. ಓಟಿಪಿ ಬರಬೇಕಾದ ಮೊಬೈಲ್ ನಂಬರು ಯಾವ ಕಾಲದ್ದೋ. ಮಳೆಗಾಲವಾದರೆ ನೆಟ್‌ವರ್ಕೇ ಇಲ್ಲ. ಎಲ್ಲಕ್ಕಿಂತ ಕಷ್ಟ ಒಂಟಿ ಹೆಂಗಸರದು, ಗಂಡಹೆಂಡತಿ ಇಬ್ಬರೂ ಸುಲಿಯಲು ಹೋಗುವ ಮನೆಗಳದು. ಅಲ್ಲಿ ಸವೆಯದ ಬೆರಳು ಒಂದೂ ಇರುವುದಿಲ್ಲ. ಮೂರನೇ ಸಲ ಬಂದು ಹೋದವರು ಆ ತಿಂಗಳದ್ದನ್ನು ಬಿಟ್ಟುಬಿಡುತ್ತಾರೆ. ಬಂದು ಹೋದ ದಿನಗಳ ಕೂಲಿ ಲೆಕ್ಕ ಹಾಕಿದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ಕೊಂಡದ್ದೇ ಅಗ್ಗ. ‘ಬಿಟ್ಟಿ ಅಕ್ಕಿಗೆ ಎಷ್ಟು ಸಲ ಬರ್ತೀರಿ’ ಎಂದು ಸಾಲಿನಲ್ಲಿ ನಿಂತವರೇ ಅನ್ನುವುದನ್ನು ಕೇಳಿದ್ದೇನೆ, ಕೇಳಿಸಿಕೊಂಡವರು ತಲೆ ತಗ್ಗಿಸಿ ಹೋಗುವುದನ್ನೂ ನೋಡಿದ್ದೇನೆ.

ಅಂಗಡಿಯವರನ್ನು ದೂರಲು ನನಗೆ ಮನಸ್ಸಿಲ್ಲ. ಪಕ್ಕದಲ್ಲೇ ಇದ್ದು ಅವರ ಕಷ್ಟವನ್ನೂ ಕಂಡಿದ್ದೇನೆ. ಯಂತ್ರದಲ್ಲಿ ದಾಖಲಾಗದೆ ಅಕ್ಕಿ ಕೊಟ್ಟರೆ ತಿಂಗಳ ಕೊನೆಗೆ ದಾಸ್ತಾನು ಕಡಿಮೆ ತೋರುತ್ತದೆ, ದಾಸ್ತಾನು ಕಡಿಮೆಯಾದರೆ ನೋಟಿಸು, ಆಮೇಲೆ ದಂಡ ಅಥವಾ ಲೈಸೆನ್ಸಿನ ಮೇಲೆ ತೂಗುಕತ್ತಿ. ‘ಪುಸ್ತಕದಲ್ಲಿ ಬರೆದು ಕೊಡಬಹುದಂತಲ್ಲ’ ಎಂದು ಸುತ್ತೋಲೆಯ ಪ್ರತಿ ತೆಗೆದು ತೋರಿಸಿದರೆ, ‘ನಿಮ್ಮ ಜೆರಾಕ್ಸ್ ನೋಡಿ ಇನ್‌ಸ್ಪೆಕ್ಟರ್ ಬಿಡ್ತಾರಾ ಮಾರಾಯ್ರೆ’ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲಾರೆ. ಕೊಟ್ಟರೆ ಶಿಕ್ಷೆ ಖಂಡಿತ, ಕೊಡದಿದ್ದರೆ ಕೇಳುವವರಿಲ್ಲ ಎಂಬ ಏರ್ಪಾಡಿನಲ್ಲಿ ಯಾರಾದರೂ ಕೊಡದಿರುವುದನ್ನೇ ಆರಿಸಿಕೊಳ್ಳುತ್ತಾರೆ.

ಪುಸ್ತಕ ತೆರೆದರೆ ಹಳೇ ಕಳ್ಳತನ ಮತ್ತೆ ಶುರುವಾಗುತ್ತದೆ ಎಂಬ ವಾದ ನನಗೆ ಗೊತ್ತು. ಅದನ್ನು ತಳ್ಳಿಹಾಕುವುದಿಲ್ಲ. ಸತ್ತವರ ಹೆಸರಿನಲ್ಲಿ, ಊರಲ್ಲೇ ಇಲ್ಲದವರ ಹೆಸರಿನಲ್ಲಿ ಅಕ್ಕಿ, ಸೀಮೆಎಣ್ಣೆ ಬರೆದುಕೊಂಡು ಮಾರಿದ ಕಾಲವನ್ನು ನಾವೆಲ್ಲ ನೋಡಿದ್ದೇವೆ. ಬೆರಳಚ್ಚು ಬಂದ ಮೇಲೆ ಅದಕ್ಕೆ ಕಡಿವಾಣ ಬಿದ್ದದ್ದು ನಿಜ. ಆದರೆ ಯಂತ್ರ ಹೇಳುವುದು ಯಾರು ಬೆರಳಿಟ್ಟರು ಎಂಬುದನ್ನು. ಚೀಲಕ್ಕೆ ಎಷ್ಟು ಬಿತ್ತು ಎಂದು ಅದು ಹೇಳುವುದಿಲ್ಲ. ಒಂದೆರಡು ಕೆ.ಜಿ. ಮುರಿದುಕೊಳ್ಳುವವರು ಬೆರಳು ಇಡಿಸಿಕೊಂಡೇ ಮುರಿದುಕೊಳ್ಳುತ್ತಾರೆ. ಕಳ್ಳತನ ತಡೆಯುವ ಭಾರವನ್ನೆಲ್ಲ ಸುಲಿಯುವವಳ ಹೆಬ್ಬೆರಳಿನ ಮೇಲೆ ಹೊರಿಸಿ ಉಳಿದವರು ಹಗುರಾಗುವುದು ಸರಿಯಲ್ಲ. ಪುಸ್ತಕದಲ್ಲಿ ಬರೆದ ಪ್ರತಿ ಸಾಲಿಗೂ ಅಂಗನವಾಡಿ ಕಾರ್ಯಕರ್ತೆಯದೋ ಪಂಚಾಯಿತಿ ಸದಸ್ಯರದೋ ಸಾಕ್ಷಿ ಸಹಿ ಇರಲಿ, ಪಡೆದವರ ಫೋಟೊ ಅದೇ ಯಂತ್ರದಲ್ಲಿ ತೆಗೆಯಲಿ, ಆ ಹೆಸರುಗಳನ್ನು ತಿಂಗಳ ಕೊನೆಗೆ ಅಂಗಡಿಯ ಬಾಗಿಲಿಗೆ ಅಂಟಿಸಲಿ. ಇಷ್ಟು ಸಣ್ಣ ಊರಿನಲ್ಲಿ ಯಾರು ಇದ್ದಾರೆ ಯಾರು ಇಲ್ಲ ಎಂದು ಬಾಗಿಲು ನೋಡಿದವರಿಗೆ ಗೊತ್ತಾಗುತ್ತದೆ.

ಈಗ ತುರ್ತಿನ ವಿಷಯ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದಿದೆ. ಆರು ತಿಂಗಳು ಪಡಿತರ ಎತ್ತದ ಚೀಟಿಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಆಮೇಲೆ ಮನೆಮನೆ ಪರಿಶೀಲನೆ ಮತ್ತು ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಖಾತ್ರಿ, ಮಾಡಬೇಕು. ಐದು ವರ್ಷಕ್ಕೊಮ್ಮೆ ಎಲ್ಲರ ಇ-ಕೆವೈಸಿ ಆಗಬೇಕು. ಅಕ್ಕಿ ಬೇಡದವರ ಚೀಟಿ ಹುಡುಕುವುದು ಇದರ ಉದ್ದೇಶ ಎನ್ನುತ್ತಾರೆ. ಸುಗ್ಗಿ ಎಷ್ಟು ತಿಂಗಳು ನಡೆಯುತ್ತದೆ ಎಂದು ಮೇಲೆ ಬರೆದಿದ್ದೇನೆ, ತಾವೇ ತಾಳೆ ನೋಡಿ. ಥಂಬು ಬಾರದೆ ಹಿಂದಿರುಗಿದವರು ದಾಖಲೆಯಲ್ಲಿ ‘ಪಡಿತರ ಪಡೆದಿಲ್ಲ’ ಎಂದೇ ಕಾಣುತ್ತಾರೆ. ಬೇಡವೆಂದು ಬಾರದವರಿಗೂ ಬಂದು ಬಂದು ಸೋತವರಿಗೂ ಆ ಪಟ್ಟಿಯಲ್ಲಿ ವ್ಯತ್ಯಾಸವಿಲ್ಲ. ಮುಂದೆ ಇ-ಕೆವೈಸಿಗೆ ಕರೆದಾಗ ಅವರು ಮತ್ತೆ ಚಾಚಬೇಕಾದ್ದು ಅದೇ ಬೆರಳು. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದರೂ ಊರಿನಲ್ಲೇ ತೆಗೆಯಲು ಹೋದರೆ ಇದೇ ಕಥೆ. ಬ್ಯಾಂಕ್ ಶಾಖೆ ಇರುವ ಊರಿಗೆ ಬಸ್ಸು ಹತ್ತಬೇಕು.

ಇನ್ನೊಂದು ಕಡೆ ನೋಡಿ. 2021ರ ನವೆಂಬರ್‌ನಿಂದ ಕೇಂದ್ರ ಸರ್ಕಾರದ ಪಿಂಚಣಿದಾರರು ಬದುಕಿದ್ದೇವೆಂದು ತೋರಿಸಲು ಬೆರಳು ಇಡಬೇಕಾಗಿಲ್ಲ. ಮನೆಯಲ್ಲೇ ಕೂತು ಮೊಬೈಲಿಗೆ ಮುಖ ತೋರಿಸಿದರೆ ಸಾಕು. ಒಳ್ಳೆಯ ಏರ್ಪಾಡು, ವಯಸ್ಸಾದವರ ಬೆರಳೂ ಸವೆಯುತ್ತದೆ. ಅವರಿಗೆ ಆದದ್ದು ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಯಾಕೆ ಆಗಬಾರದು? ಆಧಾರ್ ಮಾಡಿಸುವಾಗ ಹತ್ತು ಬೆರಳಿನ ಜೊತೆಗೆ ಎರಡು ಕಣ್ಣನ್ನೂ ಮುಖವನ್ನೂ ತೆಗೆದುಕೊಂಡಿದ್ದಾರೆ. ಅದನ್ನೆಲ್ಲ ಕೊಟ್ಟು ಬಂದ ಜನರನ್ನು ಅಂಗಡಿಯಲ್ಲಿ ಕೇಳುವುದು ಹೆಬ್ಬೆರಳೊಂದನ್ನೇ. ಎಷ್ಟೋ ಸಲ ಉಳಿದ ಬೆರಳುಗಳನ್ನು ಇಟ್ಟು ನೋಡುವ ತಾಳ್ಮೆಯೂ ಇರುವುದಿಲ್ಲ. ಕಿರುಬೆರಳಿಗೆ ಕತ್ತಿಯ ಕೆಲಸ ಕಡಿಮೆ. ಹೆಬ್ಬೆರಳು ಸೋತಲ್ಲಿ ಕಿರುಬೆರಳು ಗೆದ್ದದ್ದನ್ನು ನನ್ನ ಯಂತ್ರದಲ್ಲೇ ನೋಡಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇದು. ಎಲ್ಲಕ್ಕಿಂತ ಮೊದಲು, ಬೆರಳಚ್ಚು ಸೋತಾಗ ಪುಸ್ತಕದಲ್ಲಿ ಬರೆದು ಅಂದೇ ಪಡಿತರ ಕೊಡಬೇಕೆಂದು ಇಲಾಖೆಯಿಂದ ಕನ್ನಡದಲ್ಲಿ ಸ್ಪಷ್ಟ ಆದೇಶ ಹೊರಡಲಿ. ಹಾಗೆ ಕೊಟ್ಟ ಅಕ್ಕಿಯನ್ನು ದಾಸ್ತಾನಿನ ಲೆಕ್ಕದಲ್ಲಿ ಒಪ್ಪಿಕೊಳ್ಳಲಾಗುವುದು, ಅಂಗಡಿಯವರಿಗೆ ನೋಟಿಸು ಬರುವುದಿಲ್ಲ ಎಂಬ ಸಾಲು ಅದೇ ಆದೇಶದಲ್ಲಿ ಇರಲೇಬೇಕು. ಆ ಒಂದು ಸಾಲು ಇಲ್ಲದಿದ್ದರೆ ಉಳಿದದ್ದೆಲ್ಲ ಮತ್ತೊಂದು ಜೆರಾಕ್ಸ್ ಪ್ರತಿಯಾಗುತ್ತದೆ. ಆದೇಶವನ್ನು ದರಪಟ್ಟಿಯ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ತೂಗುಹಾಕಿಸಬೇಕು. ಓದಲು ಬಾರದವರಿಗೆ ಓದಿ ಹೇಳಲು ನಾವು ಇದ್ದೇವೆ.

ಎರಡನೆಯದು, ಬಂದು ಬೆರಳು ಸೋತು ಹೋದವರನ್ನು ಬಾರದವರ ಲೆಕ್ಕಕ್ಕೆ ಸೇರಿಸುವುದನ್ನು ನಿಲ್ಲಿಸಿ. ಸೋತ ಪ್ರಯತ್ನ ಯಂತ್ರದಲ್ಲಿ ದಾಖಲಾಗುತ್ತದೆ, ಆ ಮಾಹಿತಿ ಇಲಾಖೆಯ ಬಳಿಯೇ ಇರುತ್ತದೆ. ಅದನ್ನು ಪ್ರತಿ ತಿಂಗಳು ಅಂಗಡಿವಾರು ಪ್ರಕಟಿಸಿ. ಆರು ತಿಂಗಳ ನಿಯಮದಡಿ ಚೀಟಿ ನಿಲ್ಲಿಸುವ ಮುಂಚೆ, ಆ ಅವಧಿಯಲ್ಲಿ ಒಮ್ಮೆಯಾದರೂ ಬೆರಳು ಸೋತ ದಾಖಲೆ ಇದ್ದರೆ ಆ ಚೀಟಿಯನ್ನು ಮುಟ್ಟದೆ, ಅಧಿಕಾರಿಯೇ ಮನೆಗೆ ಹೋಗಿ ನೋಡಲಿ. ನಿಯಮ ಕೇಂದ್ರದ್ದು ನಿಜ, ಆದರೆ ಮನೆಮನೆ ಪರಿಶೀಲನೆ ಮಾಡುವವರು ತಮ್ಮ ಸಿಬ್ಬಂದಿ.

ಕಣ್ಣಿನ ಪಾಪೆ ಅಥವಾ ಮುಖ ನೋಡುವ ಸೌಲಭ್ಯವನ್ನು ಅಡಿಕೆ, ಗೇರು, ರೇಷ್ಮೆ, ಕಲ್ಲುಗಣಿ ಇರುವ ತಾಲ್ಲೂಕುಗಳಿಂದ ಶುರುಮಾಡಿ. ಎಲ್ಲ ಅಂಗಡಿಗೂ ಒಟ್ಟಿಗೆ ಬರಲಿ ಎಂದು ಕಾಯುತ್ತ ಕೂತರೆ ಮೊದಲು ನಗರಗಳಿಗೇ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಬರುವಾಗ ಇನ್ನೊಂದು ಸುಗ್ಗಿ ಕಳೆದಿರುತ್ತದೆ. ಪೊರೆ ಬಂದ ಕಣ್ಣಿಗೆ ಪಾಪೆಯ ಯಂತ್ರವೂ ತಡವರಿಸುತ್ತದೆ, ಮುಖ ನೋಡಲು ನೆಟ್‌ವರ್ಕ್ ಬೇಕು. ಹಾಗಾಗಿ ಯಾವ ಯಂತ್ರ ಬಂದರೂ ಪುಸ್ತಕ ಇರಬೇಕು ಎಂಬ ನನ್ನ ಮೊದಲ ಕೋರಿಕೆ ಹಾಗೆಯೇ ಉಳಿಯುತ್ತದೆ. ಒಂಟಿಯಾಗಿರುವವರು ತಮ್ಮ ಪರವಾಗಿ ನೆರೆಯವರೊಬ್ಬರನ್ನು ನೇಮಿಸಲು ಅವಕಾಶ ಕೊಡಿ. ಇ-ಕೆವೈಸಿ ಶಿಬಿರಗಳನ್ನು ಆಯಾ ಸೀಮೆಯ ಕೆಲಸದ ಕಾಲ ನೋಡಿ ಇಡಿಸಿ. ನಮ್ಮಲ್ಲಾದರೆ ಚಾಲಿ ಸುಲಿದು ಮುಗಿದು, ನಾಟಿ ಶುರುವಾಗುವ ಮುಂಚಿನ ಕೆಲವು ವಾರಗಳು ಸರಿ. ಡಿಸೆಂಬರಿನಲ್ಲಿ ಶಿಬಿರ ಇಟ್ಟು ‘ಜನ ಸಹಕರಿಸಲಿಲ್ಲ’ ಎಂದು ವರದಿ ಬರೆದರೆ ಅದು ಅನ್ಯಾಯದ ವರದಿ.

ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ, ರಾಜ್ಯ ಆಹಾರ ಆಯೋಗ ಇವೆಲ್ಲ ಕಾಯ್ದೆಯಲ್ಲೇ ಇವೆ. ಅವರಿಗೆ ದೂರು ಕೊಡಬಹುದು ಎಂದು ತಮ್ಮ ಕಚೇರಿಯಿಂದ ಉತ್ತರ ಬರಬಹುದು. ದಿನದ ಕೂಲಿ ಬಿಟ್ಟು, ಅರ್ಜಿ ಬರೆಸಿ, ಜಿಲ್ಲಾ ಕೇಂದ್ರಕ್ಕೆ ಹೋಗಿ ಐದು ಕೆ.ಜಿ. ಅಕ್ಕಿಯ ದೂರು ಕೊಡುವವರು ಎಷ್ಟು ಮಂದಿ? ನಮ್ಮಲ್ಲಿ ನಾನು ಕಂಡಂತೆ ಒಬ್ಬರೂ ಇಲ್ಲ. ಆ ಅಧಿಕಾರಿಗಳೇ ಸುಗ್ಗಿಯ ಕಾಲದಲ್ಲಿ, ಮುಂದಾಗಿ ತಿಳಿಸದೆ, ಪಡಿತರ ಕೊಡುವ ದಿನ ಒಂದು ಅಂಗಡಿಯ ಮುಂದೆ ಬೆಳಗಿನಿಂದ ಸಂಜೆವರೆಗೆ ಕೂತು ನೋಡಲಿ. ಕುರ್ಚಿ ನನ್ನ ಅಂಗಡಿಯಿಂದ ಕೊಡುತ್ತೇನೆ.

ಈ ಪತ್ರದ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಗೂ ರಾಜ್ಯ ಆಹಾರ ಆಯೋಗಕ್ಕೂ ಕಳಿಸುತ್ತಿದ್ದೇನೆ. ಆದೇಶ ದಸರೆಗೆ ಮುಂಚೆ ಹೊರಬಿದ್ದರೆ ಈ ಸುಗ್ಗಿಗೇ ಉಪಯೋಗಕ್ಕೆ ಬರುತ್ತದೆ. ಪುಸ್ತಕದ ನಮೂನೆಯನ್ನು ಇಲಾಖೆ ಒಂದು ಪ್ರತಿ ಕಳಿಸಿದರೂ ಸಾಕು. ನಮ್ಮ ಹೋಬಳಿಯ ಎಲ್ಲ ನ್ಯಾಯಬೆಲೆ ಅಂಗಡಿಗಳಿಗೆ ಬೇಕಾದಷ್ಟು ಜೆರಾಕ್ಸ್ ನಾನು ದು‌ಡ್ಡಿಲ್ಲದೆ ತೆಗೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನ್ಯಾಯಬೆಲೆ ಅಂಗಡಿಯ ಪಕ್ಕದ ಜೆರಾಕ್ಸ್ ಅಂಗಡಿಯವನು